ಮತ್ತೆ ಮೂರನೇ ಪುಸ್ತಕ

“ತಪ್ಪು ತಿಳ್ಕೋಬೇಡಿ, ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದಿದ್ದೀನಿ,” ಎಂದು ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು. ದಾರಿಯುದ್ದಕ್ಕೂ ಬೇರೆಯೇ ಮಾತು ಜೋಡಿಸಿಕೊಂಡು ಬಂದಿದ್ದಳು. ಮೊದಲು ಕುಶಲ ವಿಚಾರಿಸುವುದು, ಮಕ್ಕಳ ಓದು ಎಲ್ಲಿಗೆ ಬಂತು ಎಂದು ಕೇಳುವುದು, ಆಮೇಲೆ ಮೆಲ್ಲಗೆ ವಿಷಯಕ್ಕೆ ಇಳಿಯುವುದು ಎಂದೆಲ್ಲ. ಬಾಗಿಲು ತೆರೆದ ಕೂಡಲೇ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

ಬಾಗಿಲು ತೆರೆದವಳು ಹಿಂದಿನ ಬೀದಿಯ ನರ್ಸ್. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದಳು. ಒಂದು ಕಾಲಲ್ಲಿ ಬಿಳಿ ಬೂಟು ಇನ್ನೂ ಇತ್ತು, ಇನ್ನೊಂದು ಕೈಯಲ್ಲಿತ್ತು. ಅವಳೂ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವಳು. ಆ ಬಡಾವಣೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಕಲಿಸುವ ತಾಯಂದಿರು ಇವರಿಬ್ಬರೇ. ಹಾಗಾಗಿ ಒಬ್ಬರ ಮರ್ಯಾದೆ ಇನ್ನೊಬ್ಬರ ಕೈಯಲ್ಲಿತ್ತು.

“ಯಾವ್ದು ಅಕ್ಕಾ? ಆ ಆರು ಪುಸ್ತಕಾನಾ?”

“ಆರೂ ಬೇಡ. ಮೂರನೇದು ಸಾಕು. ನಾವು ನಿಲ್ಲಿಸಿದ್ದು ಅಲ್ಲೇ.”

“ಮತ್ತೆ ಆ ಡಬ್ಬದ ಪಾಠ? ಅಷ್ಟು ಹೊಗಳ್ತಾ ಇದ್ರಿ!”

“ಚೆನ್ನಾಗೇ ಇತ್ತು. ನಮಗೆ ಒಗ್ಗಲಿಲ್ಲ.”

ಅದು ಸುಳ್ಳು. ತುಂಬಾ ಒಗ್ಗಿತ್ತು, ಅದೇ ತೊಂದರೆ. ಆದರೆ ಬಾಗಿಲಲ್ಲಿ ನಿಂತು ಹೇಳುವ ಮಾತಲ್ಲ ಅದು. ನರ್ಸ್ ಒಳಗೆ ಹೋಗಿ ಪುಸ್ತಕ ತಂದಳು. “ತಗೊಳ್ಳಿ ಅಕ್ಕಾ, ಅದಕ್ಯಾಕೆ ಸಂಕೋಚ. ನಮ್ಮವರು ಇನ್ನೂ ಒಂದನೇದ್ರಲ್ಲೇ ತೆವಳ್ತಾ ಇದ್ದಾರೆ. ಮೂರನೇದಕ್ಕೆ ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ,” ಎಂದು ನಕ್ಕಳು. ಆಮೇಲೆ ಏನೋ ನೆನಪಾಗಿ ಹಾಳೆ ಮಗುಚತೊಡಗಿದಳು. “ಎಷ್ಟು ನೀಟಾಗಿ ಪೆನ್ಸಿಲ್ ಅಳಿಸಿ ಕೊಟ್ಟಿದ್ರಿ! ಒಂದು ಕಡೆ ಮಾತ್ರ ಬಿಟ್ಟುಹೋಗಿದೆ. ಎರಡು ಹಾಳೆ ಅಂಟಿಕೊಂಡಿದ್ವು, ನಮ್ಮ ಚಿಕ್ಕವಳು ಬಿಡಿಸಿದಳು. ನೋಡಿ.”

ನದಿಯ ಪಾಠ. ಬೆಟ್ಟದಲ್ಲಿ ಹುಟ್ಟಿ ಸಮುದ್ರ ಸೇರುವ ತನಕದ ನದಿಯ ಚಿತ್ರ ಎರಡು ಪುಟದಲ್ಲಿ ಹರಡಿಕೊಂಡಿತ್ತು. ಅಂಚಿನಲ್ಲಿ ಕೇಳಲು ಬಂದವಳದೇ ಅಕ್ಷರ: ‘ನದಿಗೆ ಸಮುದ್ರಕ್ಕೆ ಹೋಗೋಕೆ ಇಷ್ಟ ಇರಲಿಲ್ಲ. ಅದಕ್ಕೇ ಅಷ್ಟೊಂದು ಸುತ್ತಿ ಸುತ್ತಿ ಹೋಯ್ತು.’

“ಯಾರು ಹೇಳಿದ್ದು ಇದು?”

“ನಮ್ಮ ಇರುವೆ.”

“ಅಬ್ಬಾ! ಆಗಲೇ ಹೀಗೆ ಹೇಳ್ತಿದ್ದವಳು ಈಗ ಇನ್ನೂ ಎಷ್ಟು ಮಾತಾಡ್ತಿರಬೇಕು!”

ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಬರ್ತೀನಿ ಎಂದು ಹೇಳಿ ಮೆಟ್ಟಿಲಿಳಿದಳು.

ಇರುವೆ ಎನ್ನುವುದು ಅಪ್ಪ ಇಟ್ಟ ಹೆಸರು. ಬಸ್ಸು ಓಡಿಸುವ ಆ ಮನುಷ್ಯನಿಗೆ ಮನೆಯವರಿಗೆಲ್ಲ ಒಂದೊಂದು ಹೆಸರಿಡುವ ಚಾಳಿ. ಮಗಳು ನಿಧಾನ, ಆದರೆ ಹೊರಟಳೆಂದರೆ ತಲುಪುತ್ತಾಳೆ ಎಂದು ಹಾಗೆ ಕರೆದಿದ್ದ. ಮಗಳಿಗೆ ಮಾತು ತೊದಲುತ್ತಿತ್ತು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಕಣ್ಣು ಮುಚ್ಚಿ, ಗಲ್ಲ ಎತ್ತಿ, ಬಾವಿಯಿಂದ ಕೊಡ ಎಳೆದ ಹಾಗೆ ಆ ಪದವನ್ನು ಎಳೆಯಬೇಕಿತ್ತು. ಶಾಲೆಯಲ್ಲಿ ಹಾಜರಿ ಕೂಗುವಾಗ ಅವಳ ಸರದಿ ಬಂದರೆ ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯುತ್ತಿತ್ತು, ನಗುವುದಕ್ಕೆ. ಏಳನೇ ವರ್ಷದಲ್ಲಿ ಶಾಲೆ ಬಿಡಿಸಿದರು.

ಆಗ ಯಾರೋ ಹೇಳಿ ತರಿಸಿಕೊಂಡದ್ದು ಆ ಆರು ಪುಸ್ತಕಗಳು. ಅದರಲ್ಲಿ ಪ್ರಶ್ನೆ ಇಲ್ಲ, ಉತ್ತರ ಇಲ್ಲ, ಅಂಕ ಇಲ್ಲ. ದೊಡ್ಡವರು ಪಾಠ ಓದಬೇಕು, ಪುಸ್ತಕ ಮುಚ್ಚಬೇಕು, ಮಗು ತನಗೆ ತಿಳಿದಂತೆ ತಿರುಗಿ ಹೇಳಬೇಕು. ಅಷ್ಟೇ. ತೊದಲುವ ಮಗುವಿಗೆ ಇಂಥ ಪಾಠವೇ ಎಂದು ಅವಳಿಗೂ ಅಳುಕಿತ್ತು. ಆದರೆ ಕೆಲಸವೂ ನಡೆಯಬೇಕಲ್ಲ. ಪೀಠೋಪಕರಣದ ಅಂಗಡಿಯೊಂದಕ್ಕೆ ಅವಳು ಪರದೆ, ಸೋಫಾ ಹೊದಿಕೆ ಹೊಲಿದು ಕೊಡುತ್ತಿದ್ದಳು. ಪಾಠ ಓದಿ ಮುಗಿಸಿ, ಪುಸ್ತಕ ಮುಚ್ಚಿ, ಪರದೆಯ ರಾಶಿ ತೊಡೆಗೆಳೆದುಕೊಂಡು, ತುಟಿಯ ನಡುವೆ ಆರೆಂಟು ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಚಲು ಕೂರುವಳು. ಇರುವೆ ನೆಲದ ಮೇಲೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ಹೇಳುವಳು.

ಮೊದಮೊದಲು ಎರಡು ವಾಕ್ಯ. ಬರುಬರುತ್ತಾ ಹತ್ತು. ಎರಡನೇ ವರ್ಷದಲ್ಲಂತೂ ಒಂದು ಕಿಟಕಿಯ ಪರದೆ ಮುಗಿದರೂ ಇವಳ ಕಥೆ ಮುಗಿಯುತ್ತಿರಲಿಲ್ಲ. ತೊದಲು ಹೋಗಿರಲಿಲ್ಲ, ಆದರೆ ಅದಕ್ಕೆ ಹೆದರುವುದು ಹೋಗಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸುವಳು, ದೀಪಸ್ತಂಭದ ಕಾವಲುಗಾರನಿಗೆ ಹೆಂಡತಿ ಮೇಲೆ ಸಿಟ್ಟಿತ್ತು ಎನ್ನುವಳು. ಕೆಲಸ ಮುಗಿದ ಮೇಲೆ ಅಮ್ಮ ಅದರಲ್ಲಿ ಒಂದು ಮಾತನ್ನು ಪುಟದ ಅಂಚಿನಲ್ಲಿ ಬರೆದಿಡುವಳು. ಹಾಗೆ ಎರಡೂವರೆ ಪುಸ್ತಕ ತುಂಬಿತ್ತು.

ಅದನ್ನೆಲ್ಲ ಅವಳು ತನ್ನ ಕೈಯಾರೆ ಅಳಿಸಿದ್ದಳು. ಇನ್ನೊಬ್ಬರಿಗೆ ಕೊಡುವ ಪುಸ್ತಕ ಚೊಕ್ಕಟವಾಗಿರಲಿ ಎಂದು ಎರಡು ಮಧ್ಯಾಹ್ನ ಕೂತು, ಒಂದು ಇಡೀ ರಬ್ಬರು ಸವೆಸಿ, ಪುಡಿಯನ್ನು ಊದಿ ಊದಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಆ ಗಾದೆ ಮಾಡಿದವರು ರಬ್ಬರು ಕಂಡಿರಲಿಲ್ಲ.

ಬದಲಾವಣೆಗೆ ನೆಪ ಅವಳ ಒಡಹುಟ್ಟಿದ ಅಕ್ಕ. ಅವಳು ಶಾಲೆಯ ಟೀಚರು, ಅವಳಿಗೂ ಇರುವೆಯ ವಯಸ್ಸಿನವಳೇ ಒಬ್ಬ ಮಗಳು. ಕೆಟ್ಟವಳಲ್ಲ, ಬಂದಾಗಲೆಲ್ಲ ಕೈತುಂಬ ತರುವವಳು. ಅವತ್ತು ಬಂದಾಗ ಪಾಠ ನಡೆಯುತ್ತಿತ್ತು. ಇರುವೆ ಬಟ್ಟೆಯ ತುದಿ ಹಿಡಿದು ಜೇನುಗೂಡಿನ ವಿಷಯ ಹೇಳುತ್ತಿದ್ದಳು. ಅಕ್ಕ ಐದು ನಿಮಿಷ ನೋಡಿದಳು.

“ಇದೇನೇ, ಪಾಠದ ಮಧ್ಯೆ ಹೊಲಿಗೆನೋ, ಹೊಲಿಗೆ ಮಧ್ಯೆ ಪಾಠನೋ?”

ಬಾಯಿಂದ ಸೂಜಿ ತೆಗೆದು ಅವಳು ನಗಲು ನೋಡಿದಳು. “ಎರಡೂ ಆಗುತ್ತಲ್ಲ ಅಕ್ಕ.”

“ಮಗು ಅಷ್ಟು ಕಷ್ಟಪಟ್ಟು ಮಾತಾಡ್ತಾ ಇದ್ರೆ ನೀನು ತಲೆ ಎತ್ತಿ ನೋಡೋದೂ ಇಲ್ಲ. ಒಂದು ಪದ ಸಿಕ್ಕಿಕೊಂಡ್ರೆ ಎತ್ತಿ ಕೊಡೋದೂ ಇಲ್ಲ. ಅವಳಿಗೆ ಎಷ್ಟು ಬರುತ್ತೆ, ಎಷ್ಟು ಬರಲ್ಲ ಅಂತ ನಿನಗಾದ್ರೂ ಗೊತ್ತಾ?”

ಆ ಮಾತು ನಾಟಿತು. ಏಕೆಂದರೆ ಅದು ಅವಳ ಒಳಗೇ ಇದ್ದ ಮಾತು. ಹೊಲಿಗೆಯ ನೆಪದಲ್ಲಿ ಮಗಳಿಗೆ ಅರ್ಧ ಅಮ್ಮನನ್ನೇ ಕೊಡುತ್ತಿದ್ದೇನೆ ಎಂದು ಅವಳಿಗೆ ಮೊದಲಿನಿಂದಲೂ ನಾಚಿಕೆಯಿತ್ತು. ಅಕ್ಕನ ಮಗಳು ಅವತ್ತು ಹದಿನೇಳರ ಮಗ್ಗಿ ಒಪ್ಪಿಸಿ ಹೋದಳು. ದೂರದ ಬೆಟ್ಟ ನುಣ್ಣಗೆ. ಆ ಬೆಟ್ಟ ಮನೆಗೇ ಬಂದು ಮಗ್ಗಿ ಹೇಳಿ ಹೋದರೆ ಯಾರ ತಲೆ ತಿರುಗುವುದಿಲ್ಲ?

ತಿಂಗಳೊಳಗೆ ಡಬ್ಬದ ಪಾಠ ಬಂತು. ದೊಡ್ಡ ರಟ್ಟಿನ ಡಬ್ಬದಲ್ಲಿ ಒಂಬತ್ತು ತಿಂಗಳಿಗೆ ಒಂಬತ್ತು ಕಟ್ಟು, ಪ್ರತಿ ದಿನಕ್ಕೆ ಒಂದು ಹಾಳೆ, ಪ್ರತಿ ಪ್ರಶ್ನೆಗೆ ನಾಲ್ಕು ಚೌಕ. ಸರಿಯಾದ ಚೌಕಕ್ಕೆ ಗುರುತು ಹಾಕಬೇಕು. ಜೊತೆಗೆ ಟಿಕ್ ಟಿಕ್ ಎನ್ನುವ ಒಂದು ಪುಟ್ಟ ಟೈಮರು, ಗೋಡೆಗೆ ಹಚ್ಚಲು ಅಂಕಗಳ ಏರುಗೆರೆಯ ಹಾಳೆ, ಅಮ್ಮನಿಗೆ ಉತ್ತರದ ಪುಸ್ತಕ. ಅದರ ಮೊದಲ ಪುಟದಲ್ಲೇ ಅಚ್ಚಾಗಿತ್ತು: ಕಲಿಸುವವರು ಬೇರೆ ಕೆಲಸ ಬಿಟ್ಟು ಮಗುವಿನ ಎದುರು ಕುಳಿತು ಪೂರ್ಣ ಗಮನ ಕೊಡತಕ್ಕದ್ದು. ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದಳು, ಗುಂಡುಸೂಜಿಯ ತಗಡಿನ ಡಬ್ಬಿಯನ್ನು ಕಪಾಟಿನ ಮೇಲಿಟ್ಟಳು. ಪಾಠ ಮುಗಿದ ಮೇಲೆ ಮಾತ್ರ ಹೊಲಿಗೆ. ಈಗ ತಾನು ನಿಜವಾದ ಟೀಚರು ಎನ್ನಿಸಿ ಒಂಥರಾ ಹೆಮ್ಮೆಯಾಯಿತು.

ಇರುವೆಯ ಗೆರೆ ಏರುತ್ತಲೇ ಹೋಯಿತು. ಇಪ್ಪತ್ತಕ್ಕೆ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅವಳು ಅದನ್ನು ಬೀದಿಗೆಲ್ಲ ಹೇಳಿದಳು, ಅಕ್ಕನಿಗೆ ಫೋನು ಮಾಡಿದಳು. ಬಸ್ಸಿನವನು ಮಾತ್ರ ಗೋಡೆಯ ಮುಂದೆ ನಿಂತು, “ನಮ್ಮ ಡಿಪೋದಲ್ಲೂ ಹೀಗೇ ಗೆರೆ ಎಳೀತಾರೆ. ಬಸ್ಸು ಎಷ್ಟು ದೂರ ಓಡ್ತು ಅಂತ ಇರುತ್ತೆ, ಜನ ಹತ್ತಿದ್ರಾ ಅಂತ ಇರಲ್ಲ,” ಎಂದ. ಇನ್ನೊಂದು ದಿನ ಊಟಕ್ಕೆ ಕೂತಾಗ, “ಇತ್ತೀಚೆಗೆ ನಮ್ಮ ಇರುವೆ ಸದ್ದೇ ಇಲ್ವಲ್ಲೇ,” ಎಂದ.

“ಓದೋದ್ರಲ್ಲಿ ಗಮನ ಬಂದಿದೆ ಕಣ್ರೀ. ಮೊದಲಿನ ಹಾಗೆ ಹರಟಲ್ಲ.”

ಹಾಗೆಂದವಳು ಅವಳೇ. ಎಷ್ಟು ಸಲ ನೆನೆಸಿಕೊಂಡರೂ ಆ ಮಾತು ಅವಳ ಬಾಯಿಂದಲೇ ಬಂದಿತ್ತು.

ಕಣ್ಣು ತೆರೆಸಿದವನು ಬಟ್ಟೆ ತಂದುಕೊಡುವ ಗಾಡಿಯವನು. ಅವಳು ನೂಲು ತರಲು ಹೋಗಿ ಮರಳುವಾಗ ಅವನು ಮೆಟ್ಟಿಲ ಮೇಲೆ ಬಟ್ಟೆಯ ಸುರುಳಿ ಇಟ್ಟುಕೊಂಡು ಕೂತಿದ್ದ, ಮುಖದ ತುಂಬ ನಗು.

“ಏನಮ್ಮಾ, ನಿಮ್ಮ ಮಗಳು ನಂಗೂ ಪರೀಕ್ಷೆ ಕೊಟ್ಲು! ನೋಡಿ, ಪಾಸೋ ಫೇಲೋ?”

ಅವನ ಕೈಯಲ್ಲಿ ಒಂದು ಚೀಟಿ. ಇರುವೆಯ ದುಂಡಗಿನ ಅಕ್ಷರ. ‘ಅಮ್ಮ ಮನೆಯಲ್ಲಿ ಇಲ್ಲ. ನೀವು ಏನು ಮಾಡುತ್ತೀರಿ?’ ಕೆಳಗೆ ಗೀಟುಗೋಲು ಇಟ್ಟು ಎಳೆದ ಮೂರು ಚೌಕ: ಕಾಯುತ್ತೇನೆ, ನಾಳೆ ಬರುತ್ತೇನೆ, ಇಲ್ಲೇ ಇಟ್ಟು ಹೋಗುತ್ತೇನೆ. ಗಾಡಿಯವನು ಮೊದಲನೆಯದಕ್ಕೆ ಗುರುತು ಹಾಕಿದ್ದ.

“ಬಾಯಿ ಬರಲ್ವಾ ಪಾಪ ಮಗೂಗೆ?” ಎಂದು ಅವನು ದನಿ ತಗ್ಗಿಸಿ ಕೇಳಿದ.

ಅವಳು ಚೀಟಿ ಹಿಡಿದುಕೊಂಡು ಒಳಗೆ ಬಂದಳು. ಇರುವೆ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ನಾಳೆಯ ಹಾಳೆಗೆ ಗುರುತು ಹಾಕುತ್ತಿದ್ದಳು. ಮಗಳು ಒಂದು ಪೂರ್ತಿ ವಾಕ್ಯ ಹೇಳಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಅವಳು ಬಹಳ ಹೊತ್ತು ನಿಂತಳು. ನೆನಪಾಗಲಿಲ್ಲ. ಚೌಕಕ್ಕೆ ಗುರುತು ಹಾಕಲು ಬಾಯಿ ಬೇಕಿಲ್ಲ. ಬಾಯಿ ಬೇಡ ಎನ್ನುವ ಪಾಠ ಸಿಕ್ಕಿದ್ದಕ್ಕೇ ಮಗಳು ಅಷ್ಟು ಚೆನ್ನಾಗಿ ಓದುತ್ತಿದ್ದಳು. ಗೋಡೆಯ ಮೇಲೆ ಏರಿದ್ದು ಅದೇ ಗೆರೆ.

ನರ್ಸ್ ಮನೆಯಿಂದ ಪುಸ್ತಕ ತಂದ ಮಾರನೆಯ ಬೆಳಿಗ್ಗೆ ಅವಳು ಏರುಗೆರೆಯ ಹಾಳೆಯನ್ನು ಗೋಡೆಯಿಂದ ಬಿಡಿಸಿದಳು. “ಇವತ್ತಿಂದ ನಮ್ಮ ಹಳೇ ಪುಸ್ತಕ,” ಎಂದಳು, ಸಾಧ್ಯವಾದಷ್ಟು ಉತ್ಸಾಹ ತಂದುಕೊಂಡು. ಇರುವೆ ತಲೆಯಾಡಿಸಿ, ಪೆನ್ಸಿಲು ಚೂಪು ಮಾಡಿ, ಟೈಮರನ್ನು ಇಪ್ಪತ್ತು ನಿಮಿಷಕ್ಕೆ ತಿರುಗಿಸಿ ಮೇಜಿನ ಮೇಲಿಟ್ಟಳು. ಅಮ್ಮ ಅದನ್ನು ನಿಲ್ಲಿಸಿ ಒಳಗಿಟ್ಟಳು.

ಗಾಳಿಗಿರಣಿಯ ಪಾಠ ಓದಿದಳು. ಪುಸ್ತಕ ಮುಚ್ಚಿದಳು. ಎದುರಿಗೆ ಕೂತು ಕಾದಳು. ಇರುವೆ ಅಮ್ಮನನ್ನು ನೋಡಿದಳು, ಮುಚ್ಚಿದ ಪುಸ್ತಕ ನೋಡಿದಳು.

“ಪ್ರ... ಪ್ರ... ಪ್ರಶ್ನೆ?”

“ಪ್ರಶ್ನೆ ಇಲ್ಲ ಮರಿ. ನಿಂಗೆ ಏನು ಅನ್ನಿಸ್ತೋ ಅದು. ಮೊದಲು ಹೇಳ್ತಿದ್ದೆಯಲ್ಲ, ಹಾಗೆ.”

ಬಹಳ ಹೊತ್ತಿನ ಮೇಲೆ ಇರುವೆ ಕಣ್ಣು ಮುಚ್ಚಿದಳು, ಗಲ್ಲ ಎತ್ತಿದಳು. “ಗಾ... ಗಾ... ಗಾ...”

“ಗಾಳಿ,” ಎಂದಳು ಅಮ್ಮ.

ಇರುವೆ ಕಣ್ಣು ತೆರೆದಳು. ಹೂಂ ಎಂದು ತಲೆಯಾಡಿಸಿದಳು. ಅಷ್ಟಕ್ಕೆ ಪಾಠ ಮುಗಿಯಿತು.

ಹೀಗೆ ಆರು ದಿನ. ದಿನಾ ಅವಳು ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, ಪೂರ್ಣ ಗಮನ ಕೊಟ್ಟಳು. ಮಗಳ ತುಟಿ ಅಲುಗಿದ ಕೂಡಲೇ ಇವಳ ತುಟಿಯೂ ಅಲುಗುತ್ತಿತ್ತು. ಪದ ಸಿಕ್ಕಿಕೊಂಡರೆ ಇವಳ ನಾಲಿಗೆ ತಡೆಯುತ್ತಿರಲಿಲ್ಲ, ಮುಳುಗುವವರಿಗೆ ಹಗ್ಗ ಎಸೆದ ಹಾಗೆ ಪದ ಎಸೆದುಬಿಡುತ್ತಿದ್ದಳು. ಒಂಬತ್ತು ತಿಂಗಳು ಉತ್ತರದ ಪುಸ್ತಕ ಹಿಡಿದು ಕೂತ ಅಭ್ಯಾಸ. ಇರುವೆ ಪ್ರತಿ ಸಲವೂ ಆ ಪದವನ್ನು ಸಭ್ಯವಾಗಿ ಒಪ್ಪಿಕೊಂಡು ಸುಮ್ಮನಾಗುತ್ತಿದ್ದಳು. ಅಪ್ಪಿತಪ್ಪಿ ಒಂದು ವಾಕ್ಯ ಪೂರ್ತಿ ಬಂದರೂ, ಅದು ಪುಸ್ತಕದ ವಾಕ್ಯವೇ, ಕೊನೆಗೆ, “ಸ... ಸರಿನಾ?” ಎಂಬ ಪ್ರಶ್ನೆ.

ಏಳನೆಯ ದಿನ ನದಿಯ ಪಾಠಕ್ಕೆ ಮರಳಿ ಹೋದಳು. ಆ ಪುಟದಲ್ಲಾದರೂ ಏನಾದರೂ ಉಳಿದಿರಬಹುದು ಎಂಬ ಆಸೆ. ಓದಿ ಮುಗಿಸಿ, ಅಂಚಿನ ಬರಹ ತೋರಿಸಿದಳು. “ನೋಡು, ನೀನೇ ಹೇಳಿದ್ದು.” ಇರುವೆ ಅದನ್ನು ಓದಿ, ಬೇರೆ ಯಾರದೋ ತಪ್ಪು ಉತ್ತರ ಕಂಡವಳಂತೆ ಹುಬ್ಬು ಗಂಟಿಕ್ಕಿದಳು. ಪಕ್ಕದಲ್ಲಿದ್ದ ರಬ್ಬರಿಗೆ ಕೈ ಹಾಕಿದಳು.

“ಬೇಡ!” ಎಂದು ಕೂಗಿ ಅವಳು ಮಗಳ ಕೈ ಹಿಡಿದುಕೊಂಡಳು. ಅಷ್ಟು ದಿನ ಅದುಮಿಟ್ಟದ್ದೆಲ್ಲ ಒಮ್ಮೆಗೇ ಬಂತು. “ಅದೇ ಪುಸ್ತಕ, ಅದೇ ಪಾಠ, ಅದೇ ಅಮ್ಮ. ಆಗ ಅಷ್ಟು ಹೇಳ್ತಿದ್ದೆ. ಈಗ ಯಾಕೆ ಆಗ್ತಿಲ್ಲ ಮರಿ? ನಂದೇ ತಪ್ಪು, ಗೊತ್ತು. ಆದ್ರೆ ಈಗ ನಾನೇನು ಮಾಡಲಿ? ಹೇಳು, ಏನು ಮಾಡಲಿ?”

ಹತ್ತು ವರ್ಷದ ಮಗುವಿಗೆ ಕೇಳುವ ಪ್ರಶ್ನೆಯಲ್ಲ. ಇರುವೆ ಅಮ್ಮನ ಬಾಯನ್ನೇ ನೋಡಿದಳು. ಎದ್ದಳು. ಸ್ಟೂಲು ಎಳೆದುಕೊಂಡು ಹೋಗಿ ಕಪಾಟಿನ ಮೇಲೆ ಕೈಯಾಡಿಸಿ, ಏನನ್ನೋ ತೆಗೆದುಕೊಂಡು ಬಂದು ಅಮ್ಮನ ಮುಂದೆ ಇಟ್ಟಳು.

ಗುಂಡುಸೂಜಿಯ ಡಬ್ಬಿ.

ಅವಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡೂವರೆ ವರ್ಷ ಮಗಳು ಮಾತಾಡಿದ್ದು ಆ ಪುಸ್ತಕದ ಗುಣ ಎಂದುಕೊಂಡಿದ್ದಳು. ಬಾಯಿ ತುಂಬ ಸೂಜಿಯಿದ್ದ ಅಮ್ಮ ಪದ ಎತ್ತಿ ಕೊಡುವಂತಿರಲಿಲ್ಲ. ಸರಿ ಎನ್ನುವಂತಿರಲಿಲ್ಲ, ತಪ್ಪು ಎನ್ನುವಂತಿರಲಿಲ್ಲ. ತಲೆ ಬಗ್ಗಿಸಿಕೊಂಡು ಬಟ್ಟೆ ನೋಡುತ್ತಿದ್ದವಳು ಮಗಳ ಮುಖ ನೋಡುವಂತೆಯೂ ಇರಲಿಲ್ಲ. ಯಾವುದಕ್ಕೆ ನಾಚಿಕೊಂಡು ಕಪಾಟಿನ ಮೇಲೆ ಎತ್ತಿಟ್ಟಳೋ, ಮಗಳು ಮಾತಾಡುತ್ತಿದ್ದದ್ದು ಅದರ ನೆರಳಲ್ಲಿ. ಪಾಪ, ಅಮ್ಮ ಅದನ್ನು ಎಲ್ಲಿಟ್ಟಿದ್ದಾಳೆ ಎಂದು ಕೂಡ ಮಗಳು ನೋಡಿಟ್ಟುಕೊಂಡಿದ್ದಳು. ಯಾರೂ ಕೇಳಿರಲಿಲ್ಲ, ಅಷ್ಟೇ.

ಯಂತ್ರದ ಪಕ್ಕದ ರಾಶಿಯಿಂದ ಅವಳು ಒಂದು ಪರದೆ ಎಳೆದುಕೊಂಡಳು, ದಪ್ಪ ನೀಲಿ ಬಟ್ಟೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಬಲವಾಗಿ ತಿರುಗಿಸಬೇಕಾಯಿತು. ಎಂಟು ಸೂಜಿ ಎಣಿಸಿ ತುಟಿಯ ನಡುವೆ ಕಚ್ಚಿಕೊಂಡಳು. ಕಬ್ಬಿಣದ ರುಚಿ. ತಲೆ ಬಗ್ಗಿಸಿ ಅಂಚು ಮಡಿಚತೊಡಗಿದಳು. ಇರುವೆ ನೆಲದ ಮೇಲೆ ಕೂತು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಮೊದಲ ಸೂಜಿ ಚುಚ್ಚಿದಳು. ಎರಡನೆಯದು. ಯಾವ ಸದ್ದೂ ಇಲ್ಲ. ಮೂರನೆಯದಕ್ಕೆ, “ನ... ನ...” ಎಂದು ಕೇಳಿಸಿತು.

ಪದ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಸೂಜಿಗಳನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡಳು.

“ನ... ನ... ನದಿ. ನದಿ ಬೆ... ಬೆಟ್ಟದಲ್ಲಿ ಹುಟ್ಟುತ್ತೆ.” ತಡೆದಳು. “ಸರಿನಾ?”

ಅವಳು ತಲೆ ಎತ್ತಲಿಲ್ಲ. ನಾಲ್ಕನೆಯ ಸೂಜಿ ಚುಚ್ಚಿದಳು. ಉತ್ತರ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವಷ್ಟು ಹೊತ್ತು ಇರುವೆ ಸುಮ್ಮನಿದ್ದಳು. ಆಮೇಲೆ ನದಿ ಬೆಟ್ಟ ಇಳಿಯಿತು. ಹಳೆಯ ನದಿಯಲ್ಲ ಇದು; ಅದಕ್ಕೆ ಇಷ್ಟವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಪುಸ್ತಕ ಹೇಳಿದ ದಾರಿಯಲ್ಲೇ, ಕಲ್ಲು ಕಲ್ಲಿಗೆ ತಡೆಯುತ್ತಾ, ಹೆದರುತ್ತಾ ಬರುತ್ತಿತ್ತು. ಅಂಚಿನಲ್ಲಿ ಬರೆದಿಡುವಂಥ ಮಾತು ಒಂದೂ ಬರಲಿಲ್ಲ. ಅಂಥದ್ದು ಇನ್ನು ಬರುತ್ತದೋ ಇಲ್ಲವೋ. ಬಂದರೂ, ಅಳಿಸಿದ್ದು ಅಳಿಸಿದ್ದೇ. ಅವಳ ಕಣ್ಣು ಮಂಜಾಗಿ ಮಡಿಕೆಯ ಗೆರೆ ಸ್ವಲ್ಪ ಓರೆಯಾಯಿತು.

ಐದು, ಆರು, ಏಳು. ಪರದೆಯ ಅಂಚು ಮೂಲೆ ಮುಟ್ಟಿತು. ಎಂಟನೆಯ ಸೂಜಿಯೂ ಬಟ್ಟೆಯೊಳಗೆ ಹೋಯಿತು. ಇನ್ನು ಮಡಿಚಲು ಏನೂ ಉಳಿದಿರಲಿಲ್ಲ. ನದಿ ಇನ್ನೂ ಬಯಲಿನಲ್ಲೇ ಇತ್ತು, “ಸ... ಸ... ಸ...” ಎಂಬಲ್ಲಿ ಸಿಕ್ಕಿಕೊಂಡಿತ್ತು.

ಅವಳು ತಲೆ ಎತ್ತದೆ ಕೈಯನ್ನಷ್ಟೇ ಚಾಚಿ, ಡಬ್ಬಿಯಿಂದ ಇನ್ನೊಂದು ಸೂಜಿ ತೆಗೆದು ತುಟಿಗಿಟ್ಟುಕೊಂಡಳು.